ಹೆಸರು ಹೇಳಿ ಕುಣಿದಾಕಿ

ಕಾಯಿಸಿದ ಆಡಿನ ಚರ್ಮದ ವಾಸನಿ ಬಂತಂದ್ರ ನನಗ ಈಗೂ ಮೈ ಜುಮ್ ಅಂತೈತಿ. ಈ ಜನವರಿ ಇಪ್ಪತ್ತಾರಕ್ಕ ನಮ್ಮ ಅಂಬೇವಾಡಿಯೊಳಗ ಧ್ವಜ ಏರಿಸಿದ ಮ್ಯಾಲ, ಹೆಣ್ಮಕ್ಕಳು ರಸ್ತಿ ಬಾಜೂಕ ಒಣಹುಲ್ಲು ಹಚ್ಚಿ ಡಮಾಮಿ ಕಾಯಿಸ್ತಿದ್ರು. ಡಮಾಮಿ ಅಂದ್ರ ಸಿದ್ದಿ ಮಂದಿಯ ಡೋಲು. ಥಂಡಿಗೆ ಚರ್ಮ ಸಡ್ಲಾಗಿರತೈತಿ, ಕಾಯಿಸದಿದ್ರ ದನಿ ಬಿಡೂದಿಲ್ಲ. ಆ ಹೊಗಿ ಮೂಗಿಗೆ ಬಡಿದದ್ದ ತಡ, ನಮ್ಮ ಬಾಜೂ ಮನಿ ಮಾವಶಿ ಕಣ್ಣ ಮುಂದ ಬಂದು ನಿಂತ್ಳು...

ನಾ ಆಗ ಧಾರವಾಡ ಕಡೆಯಿಂದ ಲಗ್ನ ಆಗಿ ಬಂದ ಹೊಸದು. ಮನ್ಯಾವ್ರು ಪೇಪರ್ ಮಿಲ್ಲಿಗೆ ಹೋಗ್ತಿದ್ರು. ಮಾವಶಿ ಹಳಿಯಾಳ ಕಡೆ ಹಳ್ಳಿಯ ಸಿದ್ದಿ ಹೆಣ್ಮಗಳು. ಕೂಲಿ ಮುಗಿಸಿ ಬಂದು ಸಂಜಿಕ ನಮ್ಮ ಕಟ್ಟಿ ಮ್ಯಾಲ ಕುಂಡ್ರಾಕಿ. ಓಟಿನ ದಿನ ಮುಂಜಾನೆ ನಮ್ಮ ಅತ್ತಿ ನನಗ, "ನಿಮ್ಮ ಮಾವ ಹೇಳಿದ್ದಕ್ಕ ಒತ್ತಿ ಬಾ" ಅಂದದ್ದು ಗೋಡಿ ಆಚೆ ಕೇಳಿಸ್ತು. ಬಂದ್ಳು ನೋಡ್ರಿ ಮಾವಶಿ, ಸೊಂಟಕ್ಕ ಕೈ ಇಟ್ಟು.

"ಬೆರಳಿಗೆ ಮಸಿ ಹಚ್ಚಿಸ್ಕೊಳ್ಳೂದು ಸೊಸಿ, ಮನಸು ಮಾತ್ರ ಮಾವಂದ? ಭಾರಿ ಆತು ಬಿಡ್ರಿ ವೈನಿ!"

ಅತ್ತಿ ಮಾರಿ ಉಬ್ಬಿಸ್ಕೊಂಡು ಒಳಗ ಹೋದ್ಳು. ಮಾವಶಿ ನನ್ನ ಕುಂಡ್ರಿಸ್ಕೊಂಡು ತನ್ನ ಆಯಿಯ, ಅಂದ್ರ ಅವ್ವನ, ಕತಿ ಹೇಳಿದ್ಳು. ಮೊದಲ್ನೇ ಸಲ ಓಟು ಬಂದಾಗ ಹೆಸರು ಬರಕೊಳ್ಳಾಕ ಸಾಹೇಬ ಬಂದಿದ್ನಂತ. ಪರಗಂಡಸಿಗೆ ಹೆಸರು ಹೇಳಬಾರದಂತ ಆಯಿ, 'ಇಂಥವನ ಹೇಂತಿ' ಅಂದ್ಳಂತ. ಹೆಸರಿಲ್ಲದಾಕಿಗೆ ಓಟಿಲ್ಲ ಅಂತ ಪಟ್ಟಿಯಿಂದ ತೆಗೆದು ಹಾಕಿದ್ರಂತ. ಇದನ್ನ ಹೇಳುವಾಗ ಮಾವಶಿ ಕಣ್ಣು ಕೆಂಪಾಗಿದ್ವು.

ಮುಂದಿನ ಜನವರಿಗೆ ಆಕಿ ಪಟ್ಟು ಹಿಡಿದ್ಳು. ಸಂವಿಧಾನ ಬಂದ ದಿನ ಅಲ್ಲೇನು, ನಮ್ಮ ಓಟಿನ ನೆನಪಿಗೆ ಬಸ್‌ಸ್ಟ್ಯಾಂಡ್ ಮುಂದನ ಪುಗಡಿ ಕುಣಿಯೂಣು ಅಂದ್ಳು. ಪುಗಡಿ ಅಂಗಳದ ಕುಣಿತ. ಹೆಣ್ಮಕ್ಕಳು ಸುತ್ತು ಹಾಕಿ ಕುಣಿದು, ನಡುವ ನಿಂತು, ಒಡಪು ಕಟ್ಟಿ ಗಂಡನ ಹೆಸರು ಹೇಳೂದು ನಮ್ಮ ಕೇರಿ ರೂಢಿ. ಗಂಡನ ಹೆಸರು ಬ್ಯಾಡ, ನಮ್ಮ ನಮ್ಮ ಹೆಸರ ಹೇಳೂಣು ಅಂದ್ಳು ಮಾವಶಿ. ನಾಚಿಕಿ ಬಂದವ್ರು "ನಮ್ದೂ ನೀನ ಹೇಳಿಬಿಡ" ಅಂದ್ರ ಗದರಿಸಿದ್ಳು. "ಒಬ್ಬರದು ಒಬ್ಬರು ಹೇಳೂದಿಲ್ಲ. ನಿನ್ನ ಹೆಸರು, ನಿನ್ನ ಬಾಯಿ."

ಗಂಡಸರು ಹಾವು ತುಳಿದವ್ರಂಗ ಎಗರಿದ್ರು. ಅಂಗಳದಾಗ ಬೇಕಾದಂಗ ಕುಣೀರಿ, ರಸ್ತ್ಯಾಗ ಮಾನ ಕಳೀಬ್ಯಾಡ್ರಿ ಅಂದ್ರು. ಆಕಿ ಗಂಡಂತೂ, ರಸ್ತಿಗೆ ಇಳಿದಿ ಅಂದ್ರ ತಿರುಗಿ ಹೊಸ್ತಿಲಾ ತುಳೀಬ್ಯಾಡ ಅಂದ. ಡಮಾಮಿ ಬಾರಿಸಾಂವ ಅಂವನ. ಅಂವ ಇಲ್ಲಂದ್ರ ಕುಣಿತನೂ ಇಲ್ಲ ಅಂತ ಅವರ ಲೆಕ್ಕ.

ಅವತ್ತ ಮುಂಜಾನೆ ಗೋಡಿ ಮ್ಯಾಲಿನ ಡಮಾಮಿ ಮಾವಶಿ ತಾನ ಇಳಿಸಿದ್ಳು, ತಾನ ಕಾಯಿಸಿದ್ಳು, ಕೊಳ್ಳಾಗ ಹಾಕ್ಕೊಂಡು ತಾನ ಬಾರಿಸಿದ್ಳು. ತಾಳ ಅಲ್ಲಲ್ಲಿ ತಪ್ಪಿತ್ರೀ, ಸುಳ್ಳ ಯಾಕ ಹೇಳ್ಲಿ! ಜೋಯಿಡಾ ಬಸ್ಸಿನ ಮಂದಿ ಕಿಟಕ್ಯಾಗ ತಲಿ ಹಾಕಿ ನೋಡಿದ್ರು. ಸುತ್ತು ನಿಂತಾಗ ಆಕಿ ಒಡಪು ಹಾಕಿದ್ಳು:

"ಕಾಳಿ ಹೊಳಿಗೆ ಕಟ್ಟು ಹಾಕಿ ನೀರು ನಿಲ್ಲಿಸ್ಯಾರ ನೋಡ್ರಿ,
ನನ್ನ ಬಾಯಿಗೆ ಕಟ್ಟು ಇಲ್ಲ, ನನ್ನ ಹೆಸರ ಕೇಳ್ರಿ!"

ಅಂದಾಕಿನ ಗಂಟಲು ಹರಿಯೂವಂಗ ಹೆಸರು ಕೂಗಿದ್ಳು. ಒಬ್ಬಾಂವ "ನಾಚಿಕಿ ಬಿಟ್ಟವ್ರು" ಅಂದ. ಆಗ ಗುಂಪಿನ ಹಿಂದಿಂದ ಕಾಯಿಪಲ್ಯೆದ ಚೀಲ ಹಿಡಕೊಂಡು ನಮ್ಮ ಅತ್ತಿ ಬಂದ್ಳು. ಬೈಯಾಕ ಬಂದ್ಳು ಅಂತ ನಾ ಹಿಂದ ಸರದೆ. ಚೀಲ ನನ್ನ ಕೈಗಿಟ್ಟಾಕಿ ಸುತ್ತಿನ್ಯಾಗ ನಿಂತು, ಒಡಪಿಲ್ಲ ಗಿಡಪಿಲ್ಲ, ಬರೇ ತನ್ನ ಹೆಸರು ಹೇಳಿದ್ಳು. ಲಗ್ನದಾಗ ಬದಲಿಸಿದ್ದಲ್ಲ, ತವರುಮನಿದು. ಅದನ್ನ ನಾ ಅವತ್ತ ಮೊದಲ ಕೇಳಿದ್ದು.

ಮಾವಶಿ ಗಂಡ ಹೇಳಿದಂಗ ಕದ ಹಾಕ್ಕೊಂಡಿದ್ದ. ಆಕಿ ಹೊಸ್ತಿಲ ಮ್ಯಾಲ ಕುಂತು ಒಂದ ಸವನ ಡಮಾಮಿ ಬಾರಿಸಿದ್ಳು. ಸಂಜಿಕ ಅಂವನ ಕದ ತೆಗೆದ. "ತಾಳ ತಪ್ಪಾಕತ್ತೈತಿ, ಕೊಡಿಲ್ಲೆ" ಅಂದ. ನಮ್ಮ ಕೇರಿ ಚಹಾದಂಗಡ್ಯಾಗ ಮಾತ್ರ, ಮನ್ಯಾಗ ಓಟು ಯಾರ ಮಾತಿನಂಗ ಬೀಳಬೇಕು ಅನ್ನೂ ಜಗಳ ಇನ್ನೂ ಮುಗಿದಿಲ್ಲ. ಮುಗಿಯೂದೂ ಬ್ಯಾಡ.

ಅತ್ತಿ ಹೋಗಿ ಭಾಳ ವರ್ಷ ಆತು. ಹೋದ ಮಳಿಗಾಲದಾಗ ಜ್ವರ ಬಂದು ಮಾವಶಿನೂ ಹೋಗಿಬಿಟ್ಳು... ಈ ಸಲ ಸುತ್ತಿನ್ಯಾಗ ಆಕಿ ಜಾಗಾ ಖಾಲಿ ಬಿಟ್ಟಿದ್ವಿ. ಆಕಿ ಪಾಳಿ ಬಂದಾಗ ಯಾರೋ, "ಮಾವಶಿ ಹೆಸರು ನಾವ ಹೇಳೂಣು" ಅಂದ್ರು. ನಾ ಬ್ಯಾಡಂದೆ. ಒಬ್ಬರದು ಒಬ್ಬರು ಹೇಳೂದಿಲ್ಲ. ಅದಕ್ಕ ಇಲ್ಲೂ ಆಕಿ ಹೆಸರು ನಾ ಬರದಿಲ್ಲ. ಡಮಾಮಿ ಸುಮ್ನಾತು. ಆಕಿ ಹೇಳೂವಷ್ಟು ಹೊತ್ತು ಎಲ್ಲಾರೂ ಕಣ್ಣೀರು ತಕ್ಕೊಂಡು ಸುಮ್ನ ನಿಂತ್ವಿ. ಆಮ್ಯಾಲ ನನ್ನ ಪಾಳಿ ಬಂತು. ಬಾಜೂ ಊರು ಕೋಗಿಲಬನದ ಮಟ ಕೇಳೂವಂಗ ಒದರಿದೆ, ನನ್ನ ಹೆಸರು.