ಲಾರಿ ಧರ್ಮ ಮತ್ತು ನನ್ನ ಕಾರಿನ ಚಕ್ರ

ಇಂಗ್ಲೆಂಡಿನ ಹಳೆಯ ಕಾರೊಂದು ನನ್ನ ಬಳಿ ಇದೆ ಎಂದು ಜಂಭ ಕೊಚ್ಚುವಾಗ ಒಂದು ಸಂಗತಿಯನ್ನು ಮುಚ್ಚಿಡುತ್ತಿದ್ದೆ. ಕೊಂಡು ಎರಡು ವರ್ಷವಾದರೂ ನನ್ನ ಹೆಂಡತಿ ರಾಜಮ್ಮ ಅದರಲ್ಲಿ ಕೂತಿರಲಿಲ್ಲ. ಇರುವುದೇ ಎರಡು ಸೀಟು. ಅದರಲ್ಲೊಂದು ಸದಾ ಖಾಲಿ ಎಂದರೆ ನಮ್ಮ ನಂಜನಗೂಡಿನ ಜನ ಸುಮ್ಮನಿರುತ್ತಾರೆಯೇ? ರಾಜಮ್ಮನ ತಕರಾರು ಟಯರಿನದು. ಅವು ನನ್ನ ತಲೆಯಷ್ಟೇ ನುಣ್ಣಗಿದ್ದವು. ಹೊಸ ಟಯರು ಹಾಕಿಸಿದರೆ ನರಸೀಪುರದ ಅಕ್ಕನ ಮನೆಗೆ ಅದರಲ್ಲೇ ಬರುತ್ತೇನೆ ಎಂದಿದ್ದಳು. ನನಗೂ ಅದೇ ಬೇಕಿತ್ತು. ಆ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ ಬಸವರಾಜಪ್ಪ, ಕಾರು ಕೊಂಡ ದಿನದಿಂದಲೂ ನನ್ನನ್ನು ಆಡಿಕೊಂಡು ನಗುತ್ತಿದ್ದ.

ಈ ಕಾರಿನ ಚಕ್ರಕ್ಕೆ ಸೈಕಲ್ಲಿನ ಹಾಗೆ ಕಡ್ಡಿಗಳು. ನಡುವೆ ಎರಡು ಕಿವಿಯ ಒಂದೇ ಒಂದು ದೊಡ್ಡ ನಟ್ಟು, ಸುತ್ತಿಗೆಯಿಂದ ಬಡಿದು ಬಿಗಿಮಾಡಬೇಕು. ನಮ್ಮ ಎತ್ತಿನ ಗಾಡಿಗೆ ಒಂದು ಕಡಾಣಿ ಸಿಕ್ಕಿಸಿದರೆ ಮುಗಿಯಿತು. ಗಾಡಿ ಮುಂದೆ ಹೋಗಲಿ ಹಿಂದೆ ಹೋಗಲಿ, ಕಡಾಣಿಗೆ ಚಿಂತೆಯಿಲ್ಲ. ಜಗತ್ತನ್ನೇ ಆಳಿದವರಿಗೆ ಇಷ್ಟು ಹೊಳೆಯಲಿಲ್ಲ. ಅವರ ಏರ್ಪಾಟಿನಲ್ಲಿ ಬಲಗಡೆಯ ನಟ್ಟು ಎಡಕ್ಕೆ ತಿರುಗಿಸಿದರೆ ಬಿಗಿ, ಎಡಗಡೆಯದು ಬಲಕ್ಕೆ. ಹಾಗಿದ್ದರೆ ಕಾರು ಓಡುತ್ತ ಓಡುತ್ತ ನಟ್ಟು ತಾನಾಗಿಯೇ ಬಿಗಿಯಾಗುತ್ತದಂತೆ.

ಕವಲಂದೆ ರಸ್ತೆಯಲ್ಲಿ ಲಾರಿ ರಿಪೇರಿ ಮಾಡುವ ಮಾದಪ್ಪ ಹೊಸ ಟಯರು ಹಾಕಿದ. ಅದೇ ಕೈಯಲ್ಲಿ ಮುಂದಿನ ಚಕ್ರಗಳ ನಡುವಿನ, ನಟ್ಟು ಕೂರುವ ಹಬ್ ಎರಡನ್ನೂ ಬಿಚ್ಚಿ ಗ್ರೀಸು ತುಂಬಿದ. ಮತ್ತೆ ಕೂರಿಸುವಾಗ ಯಾವುದು ಯಾವ ಕಡೆಯದು ಎಂಬ ಪ್ರಶ್ನೆ ಬಂತು.

“ಎಡಗಡೆ ಚಕ್ರಕ್ಕೆ ಎಡಕ್ ತಿರುಗ್ಸಿ ಬಿಗಿಮಾಡೋ ಥ್ರೆಡ್ಡು ಸಾ. ಮೂವತ್ ವರ್ಸದಿಂದ ಲಾರಿ ಧರ್ಮವೇ ಅದು,” ಎಂದ.

ನನ್ನ ಕೈಯಲ್ಲಿದ್ದ ಕಾರಿನ ಪುಸ್ತಕ ತದ್ವಿರುದ್ಧ ಹೇಳುತ್ತಿತ್ತು. ಆದರೆ ಆಯುಷ್ಯವೆಲ್ಲ ಕಾಲೇಜಿನಲ್ಲಿ ಪುಸ್ತಕ ನೋಡಿ ಪಾಠ ಮಾಡಿದ ನನಗೆ, ಗ್ರೀಸು ಮೆತ್ತಿದ ಕೈಯ ಮುಂದೆ ಪುಸ್ತಕ ತೆರೆದು ತೋರಿಸಲು ನಾಚಿಕೆಯಾಯಿತು. ಮುಚ್ಚಿಬಿಟ್ಟೆ. ಮಾದಪ್ಪ ತನ್ನ ಲಾರಿ ಧರ್ಮದಂತೆಯೇ ಕೂರಿಸಿದ.

ಭಾನುವಾರ ರಾಜಮ್ಮ ರೇಷ್ಮೆ ಸೀರೆಯುಟ್ಟು, ದೇವರಿಗೊಂದು ಹೆಚ್ಚಿನ ನಮಸ್ಕಾರ ಹಾಕಿ ಕೂತಳು. ನಾನು ಮದುವಣಿಗನಂತೆ ಬೀಗುತ್ತ ಹೊರಟೆ. ಸ್ವಲ್ಪ ದೂರಕ್ಕೇ ಮುಂದಿನ ಚಕ್ರದಿಂದ ಟಕಟಕ ಸದ್ದು. ಇಳಿದು ನೋಡಿದರೆ ನಟ್ಟು ಸಡಿಲ. ಬಡಿದು ಬಿಗಿಮಾಡಿದೆ. ಮತ್ತೆ ಸದ್ದು, ಮತ್ತೆ ಬಡಿದೆ. ನರಸೀಪುರ ಇನ್ನೊಂದು ಮೈಲಿ ಇದೆ ಎನ್ನುವಾಗ ಚಕ್ರವೇ ತೂಗಾಡತೊಡಗಿತು. ಮಾದಪ್ಪನಿಗೆ ಫೋನು ಮಾಡಿದೆ. ಎಲ್ಲ ಕೇಳಿ ಅವನೆಂದ:

“ಮುಂದಕ್ ಓದ್ರೆ ಬುಟ್ಕತದೆ ಅಂದ್ರೆ, ಹಿಂದಕ್ ಓದ್ರೆ ಬಿಗಿಯಾಗ್ಬೇಕಲ್ವಾ ಸಾ? ಹಂಗೇ ಓಗಿ. ನಾನ್ ಬಸ್ಸಲ್ಲಿ ಬತ್ತೀನಿ.”

ತರ್ಕ ಸರಿಯಾಗಿಯೇ ಇತ್ತು. ಬಡಿದು ಬಿಗಿಮಾಡಿ, ರಿವರ್ಸ್ ಗೇರು ಹಾಕಿ, ಕತ್ತು ತಿರುಚಿಕೊಂಡು ಆ ಒಂದು ಮೈಲಿಯನ್ನೂ ಹಿಂದಕ್ಕೇ ಓಡಿಸಿದೆ. ಎಮ್ಮೆಗಳು ನಮಗಿಂತ ಬೇಗ ಹೋದವು. ರಾಜಮ್ಮ ಸೆರಗನ್ನು ತಲೆಯ ಮೇಲೆಳೆದುಕೊಂಡಳು. ಇನ್ನು ಈ ಜನ್ಮದಲ್ಲಿ ಇವಳು ಈ ಕಾರು ಹತ್ತುವುದಿಲ್ಲ ಎಂದು ನನಗೆ ಖಾತ್ರಿಯಾಯಿತು, ದುಃಖವೂ ಆಯಿತು.

ಷಡ್ಡಕ ಬಾಗಿಲಲ್ಲೇ ನಿಂತಿದ್ದ. “ಏನಪ್ಪಾ, ನೀವ್ ಬಂದ್ರೋ, ಹೊಂಟ್ರೋ?” ಎಂದ.

ನಾನು ಬಾಯಿ ತೆರೆಯುವ ಮೊದಲೇ ರಾಜಮ್ಮ ಇಳಿದಳು. “ಹೋಗೋವಾಗ ತಿರುಗ್ಸೋ ತಾಪತ್ರಯ ಬ್ಯಾಡ ಅಂತ ಹಿಂಗೇ ತಂದ್ರು ಕಣ್ ಭಾವ. ನಿಮ್ ಬೀದಿ ಕಿರಿದು ನೋಡಿ.”

ಅವನ ನಗು ನಿಂತಿತು. ಆದರೆ ಈ ಮಾತಿಗೆ ಕಟ್ಟುಬಿದ್ದ ಮೇಲೆ ಅವನ ಮನೆ ಮುಂದೆ ಚಕ್ರ ಬಿಚ್ಚಿಸುವುದು ಹೇಗೆ? ಮಾದಪ್ಪನಿಗೆ ಬೀದಿಯ ತಿರುವಿನಾಚೆ ಕಾಯಲು ಫೋನಿನಲ್ಲಿ ಹೇಳಿದೆ. ಊಟವಾದ ಮೇಲೆ, ಮುಂದಕ್ಕೆ ಹೋದರೆ ಚಕ್ರ ಮತ್ತೆ ಸಡಿಲವಾಗುತ್ತದೆ, ತಿರುವಿನವರೆಗೆ ನಡೆದುಕೊಂಡು ಬಾ ಎಂದು ರಾಜಮ್ಮನ ಕಿವಿಯಲ್ಲಿ ಉಸುರಿದೆ. ಅವಳು ಕೇಳಿಸಿಕೊಳ್ಳದವಳಂತೆ ಹೋಗಿ ಕಾರಿನಲ್ಲಿ ಕೂತಳು.

ಮೆಲ್ಲಗೆ ಮುಂದಕ್ಕೆ ಬಿಟ್ಟೆ. ಅವಳ ಒಂದು ಕೈ ಅಕ್ಕ-ಭಾವನತ್ತ ಠೀವಿಯಿಂದ ಬೀಸುತ್ತಿತ್ತು. ಇನ್ನೊಂದು ನನ್ನ ತೋಳು ಹಿಡಿದಿತ್ತು. ಯಾವ ನಟ್ಟೂ ಅಷ್ಟು ಬಿಗಿಯಾಗಿ ಕೂತದ್ದನ್ನು ನಾನು ಕಂಡಿಲ್ಲ.