ಯಮನೂರನ ಆರು ಮೀನು, ಒಂದು ಬೇಸಿಗೆ

ಕುಕನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೋಟಾರು ರಿವೈಂಡಿಂಗ್ ಮಾಡುವ ಯಮನೂರ ಶಾಲೆಯಲ್ಲಿ ನನಗಿಂತ ಎರಡು ತರಗತಿ ಮುಂದಿದ್ದವನು. ಸುಟ್ಟ ಪಂಪ್‌ಸೆಟ್ಟಿನ ಒಡಲಿನಿಂದ ಕಪ್ಪಾದ ತಂತಿಯನ್ನು ಕಿತ್ತು, ಎಷ್ಟು ಸುತ್ತು, ಎಷ್ಟು ದಪ್ಪ ಎಂದು ಬರೆದುಕೊಂಡು, ಅಷ್ಟೇ ಸುತ್ತು ಹೊಸ ತಾಮ್ರವನ್ನು ತುಂಬುವುದು ಅವನ ಇಪ್ಪತ್ತೈದು ವರ್ಷದ ಉದ್ಯೋಗ. ಊಹೆಯ ಮೇಲೆ ಒಂದು ಸುತ್ತನ್ನೂ ಹಾಕುವವನಲ್ಲ. ಅಂಥವನು ಸತತ ಮೂರು ಬೇಸಿಗೆ ಮನೆಯ ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನು ಕಳೆದುಕೊಂಡ.

ಮೀನಿನ ಹುಚ್ಚು ಹತ್ತಿದ್ದು ಗಂಗಾವತಿಯಲ್ಲಿ. ಅಕ್ಕಿ ಗಿರಣಿಯೊಂದಕ್ಕೆ ಮೋಟಾರು ಕೂಡಿಸಲು ಹೋದಾಗ ಮಾಲಕರ ಕೋಣೆಯಲ್ಲಿ ಏಂಜಲ್ ಮೀನುಗಳನ್ನು ಕಂಡು, ಕೊಟ್ಟ ಚಹಾ ಆರಿಹೋಗುವವರೆಗೆ ನಿಂತೇ ಇದ್ದನಂತೆ. ತಿಂಗಳೊಳಗೆ ಅವನ ಮನೆಗೂ ತೊಟ್ಟಿ ಬಂತು. ಚಳಿಗಾಲದಲ್ಲಿ ತಂದ ಮೀನುಗಳು ಯುಗಾದಿಯವರೆಗೆ ಚೆನ್ನಾಗಿರುತ್ತಿದ್ದವು. ಆಮೇಲೆ ತಗಡಿನ ಚಾವಣಿಯ ಕೆಳಗೆ ನೀರು ಮೂವತ್ತೈದು ಡಿಗ್ರಿ ಮುಟ್ಟುತ್ತಿತ್ತು. ಕರೆಂಟು ಹೋದರೆ ಗಾಳಿಯ ಗುಳ್ಳೆಗಳೂ ನಿಲ್ಲುತ್ತಿದ್ದವು. ಮೀನುಗಳು ಒಂದೊಂದಾಗಿ ಮೇಲೆ ತೇಲುತ್ತಿದ್ದವು.

ಮೂರನೆಯ ಬೇಸಿಗೆಯ ಕೊನೆಯ ಮೀನನ್ನು ಹಿತ್ತಲ ಲಿಂಬೆಗಿಡದ ಬುಡದಲ್ಲಿ ಹುಗಿದು ಬಂದ ದಿನ ಅವನ ಹೆಂಡತಿ ಕಸ್ತೂರೆಮ್ಮನಿಗೆ ತಡೆಯಲಾಗಲಿಲ್ಲ. ಆಕೆ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು.

“ನೋಡಾಕ ಛಂದ ಅಂತ ಜೀವ ತರತೀರಿ, ಕುದಿಸಿ ಕೊಲ್ಲತೀರಿ. ಸಾಲ್ಯಾಗ ನಾ ಬ್ಯಾಳಿ ಕುದಸ್ತೀನಿ, ಮನ್ಯಾಗ ನೀವು ಮೀನ ಕುದಸ್ತೀರಿ. ಪಾಪ ಯಾರಿಗೆ ಹತ್ತಬೇಕ್ರಿ?”

ಸಂಜೆ ಯಮನೂರ ಅಂಗಡಿಯ ಕಟ್ಟೆಯ ಮೇಲೆ ನನಗೆ ಹೇಳಿದ: “ಇನ್ನೊಂದ ಸಲ, ಗಾಳೇಶ. ಆರ ಮೀನ ತರತೀನಿ. ಬ್ಯಾಸಗಿ ದಾಟಿಸಿದ್ನೋ, ಸರಿ. ಇಲ್ಲಂದ್ರ ಆ ತೊಟ್ಯಾಗ ಆಕಿ ಶೇಂಗಾ ತುಂಬಲಿ. ನನಗ ಮೀನ ಸಾಕೋ ಹಕ್ಕಿಲ್ಲ.” ಕೊನೆಯ ಮಾತನ್ನು ಅವನು ನಗುತ್ತ ಹೇಳಲಿಲ್ಲ.

ಅಂಗಡಿಗಳಲ್ಲಿ ಸಿಗುವ ಉಪಕರಣಗಳು ನೀರನ್ನು ಬೆಚ್ಚಗಿಡುವುದಕ್ಕೆ ಮಾಡಿದವು; ನಮ್ಮ ಸೀಮೆಗೆ ಬೇಕಾದದ್ದು ತಣ್ಣಗಿಡುವಂಥದು. ದಾರಿ ಸಿಕ್ಕಿದ್ದು ಮನೆಯ ಹರವಿಯಿಂದ. ಮಣ್ಣಿನ ಹರವಿ ಬೆವರಿ ತನ್ನೊಳಗಿನ ನೀರನ್ನು ತಂಪಾಗಿಸುವಂತೆ, ತೊಟ್ಟಿಯ ನೀರಿನ ಮೇಲೆ ಗಾಳಿ ಬೀಸಿದರೆ ಒಂದಿಷ್ಟು ನೀರು ಆವಿಯಾಗಿ ಉಳಿದದ್ದು ತಣ್ಣಗಾಗಬೇಕು. ಯಲಬುರ್ಗಾದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ತಾಹೇರ ಹಳೆಯ ಕಂಪ್ಯೂಟರುಗಳಿಂದ ಎರಡು ಫ್ಯಾನ್ ಬಿಚ್ಚಿ ಕೊಟ್ಟ; ಬರೆದುಕೊಟ್ಟ ಆಜ್ಞೆಯಂತೆ ಯಂತ್ರ ನಡೆಸುವ, ಎರಡು ಬೆರಳಗಲದ ಒಂದು ಮೈಕ್ರೊಕಂಟ್ರೋಲರ್ ಬೋರ್ಡನ್ನೂ, ಉಷ್ಣತೆ ಅಳೆಯುವ ಒಂದು ಉಕ್ಕಿನ ಕಡ್ಡಿಯನ್ನೂ ತರಿಸಿಕೊಟ್ಟ. ಬೋರ್ಡಿಗೆ ಆಜ್ಞೆ ಬರೆಯುವುದನ್ನು ಯಮನೂರ ಮೊಬೈಲಿನ ವಿಡಿಯೊ ನೋಡಿ ಕಲಿತ. ಅದನ್ನು ಮಾಡಿದವನ ಭಾಷೆ ಇವನಿಗೆ ತಿಳಿಯದು. “ಅವನ ಮಾರಿ ನೋಡಿಲ್ಲ, ಮಾತ ತಿಳಿದಿಲ್ಲ. ಕೈ ನೋಡೀನಿ. ಅಷ್ಟು ಸಾವಕಾಶ ಯಾರೂ ಕಲಸಂಗಿಲ್ಲೋ” ಎನ್ನುತ್ತಿದ್ದ.

ಇವನ್ನೆಲ್ಲ ಕೂಡಿಸಿ ಮಾಡಿದ ಮೊದಲ ಡಬ್ಬಿ ಇಪ್ಪತ್ತೊಂಬತ್ತು ಡಿಗ್ರಿಗೆ ಫ್ಯಾನ್ ಹಚ್ಚುತ್ತಿತ್ತು, ಕೂದಲೆಳೆಯಷ್ಟು ಇಳಿದರೆ ಆರಿಸುತ್ತಿತ್ತು, ಮತ್ತೆ ಹಚ್ಚುತ್ತಿತ್ತು. ಒಳಗೆ ಕರೆಂಟನ್ನು ಕೂಡಿಸಿ ಕಡಿಯುವ ರಿಲೇ ಇಡೀ ಮಧ್ಯಾಹ್ನ ಟಿಕ್ ಟಿಕ್ ಎಂದಿತು.

“ಡಬ್ಬ್ಯಾಗ ಹಲ್ಲಿ ಸಾಕೀರೇನ್ರಿ?” ಎಂದರು ಕಸ್ತೂರೆಮ್ಮ. “ನಾ ಏನ ಅಂದ್ರೂ ಲೊಚಗುಟ್ಟತೈತಿ.”

“ನೀ ಅಂದದ್ದು ಖರೆ ಅಂತ ಹೇಳತೈತಿ. ಖುಷಿ ಪಡು” ಎಂದ ಯಮನೂರ. ಆದರೆ ತಪ್ಪು ಎಲ್ಲಿದೆಯೆಂದು ಅವನಿಗೆ ಕೂಡಲೇ ಹೊಳೆದಿತ್ತು. ಮೇಲಿನ ಟ್ಯಾಂಕಿಗೆ ನೀರೇರಿಸುವ ಮೋಟಾರು ಚಾಲೂ ಆಗುವ ಮಟ್ಟ ಬೇರೆ, ಬಂದ್ ಆಗುವ ಮಟ್ಟ ಬೇರೆ ಇರಬೇಕೆಂಬುದು ಅವನ ಕಸುಬಿನ ಮೊದಲ ಪಾಠ. ಇಪ್ಪತ್ತೊಂಬತ್ತಕ್ಕೆ ಚಾಲೂ, ಇಪ್ಪತ್ತೆಂಟಕ್ಕೆ ಬಂದ್ ಎಂದು ತಿದ್ದಿದ. ಹಲ್ಲಿ ಸುಮ್ಮನಾಯಿತು. ಕರೆಂಟು ಹೋದರೆ ಬ್ಯಾಟರಿ ತಾನೇ ಹಿಡಿಯುವಂತೆ ಮಾಡಿದ. ಕೊನೆಗೆ, ಆವಿಯಾದ ನೀರನ್ನು ತುಂಬಲು ಒಂದು ತೇಲುಗುಂಡು: ಮಟ್ಟ ಇಳಿದರೆ ಪಕ್ಕದ ಡ್ರಮ್ಮಿನಿಂದ ಸಣ್ಣ ಪಂಪು ಬೋರಿನ ನೀರನ್ನು ಅಷ್ಟೇ ತಂದು ಸೇರಿಸುತ್ತಿತ್ತು.

ಇಷ್ಟಾದ ಮೇಲೆ ಆರು ಮೀನುಗಳನ್ನು ತಂದು ಬಿಟ್ಟ. ಏಪ್ರಿಲ್ ಮಧ್ಯದಲ್ಲಿ ಹೋಗಿ ನೋಡಿದೆ. ಹೊರಗೆ ನಲವತ್ತೊಂದು, ತೊಟ್ಟಿಯಲ್ಲಿ ಇಪ್ಪತ್ತೊಂಬತ್ತು. “ಮೂವತ್ತೈದ ದಿನ ಆತು, ನೀರಿಗೆ ಕೈ ಹಚ್ಚೇ ಇಲ್ಲ ನೋಡು” ಎಂದ ಯಮನೂರ. ಮೊದಲೆಲ್ಲ ವಾರಕ್ಕೊಮ್ಮೆ ಅರ್ಧ ತೊಟ್ಟಿ ನೀರನ್ನು ಚೆಲ್ಲಿ ಹೊಸದು ತುಂಬುತ್ತಿದ್ದ; ಈಗ ಯಂತ್ರವೇ ನೋಡಿಕೊಳ್ಳುತ್ತದೆಂದು ಬಿಟ್ಟಿದ್ದ. ಯಾವುದನ್ನೂ ಸುಲಭವಾಗಿ ನಂಬದವನೆಂದು ನನ್ನನ್ನು ನಾನು ತಿಳಿದಿದ್ದರೂ ಡಬ್ಬಿಯ ಪುಟ್ಟ ಪರದೆಯ ಮೇಲಿನ ಅಂಕಿಯನ್ನು ನಂಬಿ, “ಈ ಸಲ ಗೆದ್ದಿ” ಎಂದು ಹೇಳಿ ಬಂದೆ.

ನಾಲ್ಕು ದಿನಕ್ಕೆ ಮೀನುಗಳು ತಿನ್ನುವುದನ್ನು ಬಿಟ್ಟವು. ರೆಕ್ಕೆ ಮುದುಡಿಕೊಂಡು ಮೂಲೆ ಹಿಡಿದವು. ಐದನೆಯ ದಿನ ಒಂದು ಸತ್ತಿತು. ಯಮನೂರ ಡಬ್ಬಿ ಬಿಚ್ಚಿ ಕೂತ. ನಾನು ಒಯ್ದ ಗಾಜಿನ ಥರ್ಮಾಮೀಟರು ಅದೇ ಇಪ್ಪತ್ತೊಂಬತ್ತನ್ನು ತೋರಿಸಿತು. ಫ್ಯಾನ್ ಸರಿ, ಗಾಳಿ ಸರಿ, ಬ್ಯಾಟರಿ ಸರಿ.

“ಮಿಷನ್ ಎಲ್ಲಾ ಛಲೋ ಐತಿ. ಮೀನ ಅಷ್ಟ ಛಲೋ ಇಲ್ಲ” ಎಂದ. ಧ್ವನಿ ಇಳಿದಿತ್ತು. ರೋಗವಿರಬಹುದು, ಔಷಧ ತರಿಸೋಣ ಎಂದೆ ನಾನು.

ಬರದ ತಾಲೂಕೆಂದು ಬೇಸಿಗೆ ರಜೆಯಲ್ಲೂ ನಡೆಯುತ್ತಿದ್ದ ಬಿಸಿಯೂಟ ಮುಗಿಸಿ ಶಾಲೆಯಿಂದ ಬಂದ ಕಸ್ತೂರೆಮ್ಮ ಸೆರಗಿನಿಂದ ತೊಟ್ಟಿಯ ಗಾಜನ್ನು ಒರೆಸಿದರು. ನೀರಿನ ಮಟ್ಟದ ಗುಂಟ ಒಂದು ಬಿಳಿ ಗೆರೆ ಕಟ್ಟಿತ್ತು, ಒರೆಸಿದರೆ ಹೋಗಲಿಲ್ಲ. ಉಗುರಿನಿಂದ ಕೆರೆದು ನೋಡಿದರು.

“ಇದು ನಮ್ಮ ಸಾಲಿ ಬೋಗುಣಿ ತಳದಾಗ ಕಟ್ಟೋ ಸುಣ್ಣ ಅಲ್ಲೇನ್ರಿ? ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ಲ ಅಂತ ನಾವು ಘಟಕದ ನೀರ ತರಸ್ತೀವಿ. ನೀವು ಇದಕ್ಕ ಬೋರಿಂದ ಹಾಕೀರಿ?”

“ಎಷ್ಟ ಆರತೈತೋ ಅಷ್ಟ ಹಾಕತೈತಿ. ಹೆಚ್ಚಿಲ್ಲ, ಕಡಿಮಿಲ್ಲ” ಎಂದ ಯಮನೂರ, ತುಸು ಬಿಗುವಿನಿಂದಲೇ.

“ಸಾರ ಕುದ್ದು ಕುದ್ದು ಇಂಗಿತು ಅಂತ ತಿಳೀರಿ. ಅದಕ್ಕ ಮತ್ತ ಉಪ್ಪಿನ ನೀರ ಹಾಕಿದೆ. ಮತ್ತ ಇಂಗಿತು, ಮತ್ತ ಉಪ್ಪಿನ ನೀರ ಹಾಕಿದೆ. ನೀರ ಅಷ್ಟ ಇರತೈತ್ರಿ. ಉಪ್ಪು?”

ಆವಿಯಾಗುವುದು ನೀರು ಮಾತ್ರ ಎಂಬುದನ್ನು ನಾನು ಹತ್ತು ಪುಸ್ತಕಗಳಲ್ಲಿ ಓದಿದ್ದೆ.

ಓಣಿಯ ತುದಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದೆ. ಅದನ್ನು ನೋಡಿಕೊಳ್ಳುವ ರೇಣುಕಮ್ಮನ ಬಳಿ ಲೀಟರು ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆಯೆಂದು ತೋರಿಸುವ, ಪೆನ್ನಿನಂಥ ಒಂದು ಮೀಟರಿದೆ. ಮೂರು ಲೋಟಗಳಲ್ಲಿ ನೀರು ಒಯ್ದೆವು. ಘಟಕದ ನೀರು ಅರವತ್ತು ತೋರಿಸಿತು, ಬೋರಿನದು ಸಾವಿರದ ನೂರೈವತ್ತು, ತೊಟ್ಟಿಯದು ಎರಡು ಸಾವಿರದ ಐನೂರು. ಆಕೆ ಮೀಟರನ್ನು ಝಾಡಿಸಿ ಮತ್ತೊಮ್ಮೆ ಅದ್ದಿದರು.

“ಯಮನೂರಣ್ಣ, ಇದರಾಗ ಮೀನ ಬಿಟ್ಟೀರೋ, ಉಪ್ಪಿನಕಾಯಿ ಹಾಕೀರೋ?”

ಮನೆಗೆ ಬಂದು ಲೆಕ್ಕ ಹಾಕಿದೆ. ಮೊದಲೇ ಬೋರಿನ ನೀರು ತುಂಬಿದ್ದ ನೂರೈವತ್ತು ಲೀಟರಿನ ತೊಟ್ಟಿ, ದಿನಕ್ಕೆ ಐದು ಲೀಟರಿನ ಆವಿ, ನಲವತ್ತು ದಿನ: ಸುಮಾರು ಎರಡು ಸಾವಿರದ ಏಳುನೂರು ಇರಬೇಕಿತ್ತು. ಮೀಟರು ತೋರಿಸಿದ್ದು ಅದಕ್ಕಿಂತ ತುಸು ಕಡಿಮೆ. ಆ ತುಸುವಿನಲ್ಲಿ ಒಂದು ಪಾಲು ಗಾಜಿನ ಮೇಲೆ ಬಿಳಿ ಗೆರೆಯಾಗಿ ನಿಂತಿತ್ತು. ಫ್ಯಾನ್ ಎಷ್ಟು ಚೆನ್ನಾಗಿ ದುಡಿಯಿತೋ ನೀರು ಅಷ್ಟು ಬೇಗ ಕೆಟ್ಟಿತು. ಯಂತ್ರ ಸುಳ್ಳು ಹೇಳಿರಲಿಲ್ಲ. ಕೇಳಿದ ಒಂದು ಪ್ರಶ್ನೆಗೆ ನಿಷ್ಠೆಯಿಂದ ಉತ್ತರಿಸುತ್ತಿತ್ತು. ಎರಡನೆಯ ಪ್ರಶ್ನೆಯನ್ನು ನಾವು ಕೇಳಿಯೇ ಇರಲಿಲ್ಲ.

ಯಮನೂರ ಆಗಲೇ ಬಕೆಟ್ ಹಿಡಿದಿದ್ದ. ಅಷ್ಟೂ ನೀರನ್ನು ಚೆಲ್ಲಿ ಘಟಕದ ನೀರನ್ನು ತುಂಬುವ ಅವಸರ ಅವನದು. ತಡೆದೆ. ಇಷ್ಟು ದಿನದ ಉಪ್ಪಿಗೆ ಮೈ ಹೊಂದಿಸಿಕೊಂಡ ಮೀನನ್ನು ಒಮ್ಮೆಲೇ ಸಿಹಿನೀರಿಗೆ ಬಿಟ್ಟರೆ ಅದೂ ಒಂದು ಪೆಟ್ಟೇ. ಈ ಪ್ರಸಂಗದಲ್ಲಿ ನನ್ನ ಓದು ಕೆಲಸಕ್ಕೆ ಬಂದದ್ದು ಅಷ್ಟೇ. ಅವನಿಗೆ ವಿವರಿಸಬೇಕಾಗಲಿಲ್ಲ. “ಹೌದಲ್ಲ, ಹೊಸಾ ವೈಂಡಿಂಗ್ ಮೋಟಾರಿಗೆ ನಾನ ಮೊದಲ ದಿನ ಫುಲ್ ಲೋಡ್ ಕೊಡಂಗಿಲ್ಲ” ಎಂದು ಬಕೆಟ್ ಕೆಳಗಿಟ್ಟ.

ಮುಂದಿನ ಹನ್ನೆರಡು ದಿನ ಬೆಳಿಗ್ಗೆ ಅರ್ಧ ಕೊಡ, ಸಂಜೆ ಅರ್ಧ ಕೊಡ ಹಳೆಯ ನೀರು ಹೊರಗೆ, ಬೋರಿನದಕ್ಕೆ ಘಟಕದ್ದನ್ನು ಬೆರೆಸಿದ ಹೊಸ ನೀರು ಒಳಗೆ. ಡ್ರಮ್ಮಿನಲ್ಲಿ ಘಟಕದ ನೀರು ಮಾತ್ರ. ಬೆಳಗಿನ ಪಾಳಿ ಕಸ್ತೂರೆಮ್ಮನದು. ಶಾಲೆಗೆ ಹೊರಡುವ ಮೊದಲು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ತಂಬಿಗೆಯಿಂದ ಸದ್ದಾಗದಂತೆ ಸುರಿಯುತ್ತಿದ್ದರು. ರೇಣುಕಮ್ಮ ದಿನವೂ ಒಂದು ಲೋಟ ತರಿಸಿಕೊಂಡು ಅಳೆದು, “ಇಳದೈತಿ, ಹಿಂಗ ನಡೀಲಿ” ಎಂದು ಕಳಿಸುತ್ತಿದ್ದರು. ಮೂರನೆಯ ದಿನ ಇನ್ನೊಂದು ಮೀನು ಸತ್ತಿತು. ಆ ಸಂಜೆ ಯಮನೂರ ಅಂಗಡಿ ತೆರೆಯಲಿಲ್ಲ. ಎಂಟನೆಯ ದಿನ, ಉಳಿದ ನಾಲ್ಕರಲ್ಲಿ ಒಂದು ಮೂಲೆ ಬಿಟ್ಟು ಮೇಲೆ ಬಂದು ಕಾಳಿಗೆ ಬಾಯಿ ಹಾಕಿತು. ಕಸ್ತೂರೆಮ್ಮ ಅದನ್ನು ಗಂಡನಿಗೆ ಕೂಗಿ ಹೇಳಲಿಲ್ಲ. ಕೈಹಿಡಿದು ಕರೆತಂದು ತೋರಿಸಿದರಂತೆ.

ಈಗ ಯಾರಾದರೂ ಆ ಡಬ್ಬಿಯನ್ನು ಮೆಚ್ಚಿ ಮಾತಾಡಿದರೆ ಯಮನೂರ ಯಲಬುರ್ಗಾದ ತಾಹೇರನಿಂದ ಶುರುಮಾಡಿ ಮುಖ ಕಾಣದ ಆ ವಿಡಿಯೊದವನವರೆಗೆ ಎಲ್ಲರ ಉಪಕಾರವನ್ನೂ ಹೇಳುತ್ತಾನೆ. “ಅದಕ್ಕ ಬುದ್ಧಿ ಹಾಕಿದಾಕಿ ಮಾತ್ರ ನಮ್ಮ ಮನ್ಯಾಕಿ” ಎಂದು ಮುಗಿಸುತ್ತಾನೆ. ಇದು ವಿನಯದ ಮಾತೆಂದು ಕೆಲವರು ನಗುತ್ತಾರೆ. ಅದು ಇದ್ದದ್ದು ಇದ್ದಹಾಗೆ ಎಂಬುದನ್ನು ನಾನು ಬಲ್ಲೆ. ಅಲ್ಲಿದ್ದು ನೋಡಿದ್ದಕ್ಕೆ ನಾನೂ ಆ ಮನೆಗೆ ಋಣಿ.

ಜೂನ್ ಎರಡನೆಯ ವಾರ ಮೂರು ದಿನ ಮಳೆ ಹಿಡಿಯಿತು. ನಾಲ್ಕನೆಯ ಬೆಳಿಗ್ಗೆ ಯಮನೂರ ಫೋನ್ ಮಾಡಿದ.

“ಗಾಳೇಶ, ಥರ್ಮಾಮೀಟರ ತಗೊಂಡ ಬಾ. ನಿನ್ನೆಯಿಂದ ಫ್ಯಾನ್ ತಿರಗವಲ್ದು. ರಿಲೇ ಹೋತೋ ಏನೋ.”

ಹೋದಾಗ ಅವನು ಸ್ಕ್ರೂಡ್ರೈವರ್ ಹಿಡಿದು ಡಬ್ಬಿಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ. ಥರ್ಮಾಮೀಟರನ್ನು ನೀರಿಗಿಳಿಸಿದೆ. ಇಪ್ಪತ್ತಾರು.

“ಕೆಟ್ಟಿಲ್ರಿ ಅದು” ಎಂದರು ಕಸ್ತೂರೆಮ್ಮ ಒಳಗಿನಿಂದ. “ಬ್ಯಾಸಗಿ ಮುಗಿದೈತಿ. ಅದಕ್ಕ ಕೆಲಸಿಲ್ಲ.”

ಯಮನೂರ ಸ್ಕ್ರೂಡ್ರೈವರನ್ನು ಜೇಬಿಗಿಟ್ಟುಕೊಂಡು, ಗಾಜಿನ ಹತ್ತಿರ ಮುಖ ತಂದು, ಬೆರಳು ಮಡಿಸುತ್ತ ಮೀನುಗಳನ್ನು ಎಣಿಸಿದ. ನಾಲ್ಕು.