ಹಾರ್ಕರ್ ಕೆರೆಯ ಎರಡನೇ ಸಾಕ್ಷಿ

ರೆಗ್ ಥಾಕ್ರಾ ನಲವತ್ತು ವರ್ಷ ನಿಭಾಯಿಸಿಕೊಂಡು ಬಂದ ಸುಳ್ಳು ಒಂದೇ ಒಂದು, ಅದೂ ಅಂಗೈಯಷ್ಟು ದೊಡ್ಡ ಹಕ್ಕಿಯ ಬಗ್ಗೆ. ಬೇರೆ ಜನರ ನಡುವೆ ಆಗಿದ್ದರೆ ಅದನ್ನು ಸುಳ್ಳು ಅಂತ ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಆದರೆ ಯಾರ್ಕ್‌ಷೈರ್‌ನ ಆ ಗುಡ್ಡಗಳ ನಡುವೆ, ಹಾರ್ಕರ್ ಕೆರೆಯ ಸುತ್ತ ದುರ್ಬೀನು ಹಿಡಿದು ಓಡಾಡುವವರ ರೀತಿಯೇ ಬೇರೆ. ಕುಡಿದು ಯಾರದೋ ಬೇಲಿಗೆ ಕಾರು ಗುದ್ದಿದವನನ್ನು ಅವರು ಕ್ಷಮಿಸುತ್ತಾರೆ, ಹೆಂಡತಿಯನ್ನು ಬಿಟ್ಟವನ ಪಕ್ಕದಲ್ಲೂ ಕೂತು ಚಹಾ ಕುಡಿಯುತ್ತಾರೆ. ನೋಡದ ಹಕ್ಕಿಯನ್ನು ನೋಡಿದೆ ಅಂದವನ ಜೊತೆ ಮಾತ್ರ ಮಾತು ಬಿಡುತ್ತಾರೆ. ಇದೆಂಥ ನ್ಯಾಯ ಅಂತ ಕೇಳಬೇಡಿ, ಅಲ್ಲಿ ಹಾಗೇ.

ರೆಗ್ ಮೂವತ್ತಮೂರು ವರ್ಷ ಊರ ಬಸ್ಸು ಓಡಿಸಿದವನು. ಮದುವೆಯಾಗಲಿಲ್ಲ. ಪಕ್ಕದ ಮನೆಯಲ್ಲೇ ಅಣ್ಣ ಡೆನಿಸ್, ಅತ್ತಿಗೆ ಮೇವಿಸ್. ಡೆನಿಸ್‌ನದು ಕೆರೆಯ ತೂಬು ನೋಡಿಕೊಳ್ಳುವ ಕೆಲಸ, ಹಾಗಾಗಿ ಕೆರೆ ಅಂದರೆ ಅವನಿಗೆ ಮನೆಯ ಹಿತ್ತಲು. ಪ್ರತಿ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅಣ್ಣತಮ್ಮ ಇಬ್ಬರೂ ದಂಡೆಯ ಮೇಲೆ ಹಕ್ಕಿ ನೋಡಲೆಂದೇ ಕಟ್ಟಿದ ಹಲಗೆಯ ಗೂಡಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ನಾಮದ ಕೋಳಿ ಇಷ್ಟು, ಗುಳುಮುಳುಕ ಇಷ್ಟು, ಬಾತು ಇಷ್ಟು ಅಂತ ಎಣಿಸಿ ಬರೆಯುತ್ತಿದ್ದರು. ಈ ಫೆಬ್ರವರಿಯಲ್ಲಿ ಅಂಥದೇ ಒಂದು ಭಾನುವಾರ ಡೆನಿಸ್ ಬೂಟಿನ ದಾರ ಕಟ್ಟುತ್ತ ಬಗ್ಗಿದವನು ಮೇಲೇಳಲಿಲ್ಲ. ವಯಸ್ಸು ಎಪ್ಪತ್ತನಾಲ್ಕು ಆಗಿತ್ತು.

ಅದಾಗಿ ಹತ್ತು ವಾರ. ರೆಗ್‌ಗೆ ಅಳು ಬರಲಿಲ್ಲ. ನಿದ್ದೆ ಕೆಡಲಿಲ್ಲ. ಹೊತ್ತಿಗೆ ಸರಿಯಾಗಿ ಹಸಿವಾಗುತ್ತಿತ್ತು, ತಿಂದದ್ದರ ರುಚಿ ಮಾತ್ರ ತಿಳಿಯುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಚುಚ್ಚುಮದ್ದು ಕೊಟ್ಟಾಗ ದವಡೆ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ ಇಡೀ ಮೈಗೆ ಆಗಿತ್ತು. ಭಾನುವಾರ ಎಣಿಸುವುದನ್ನು ಅವನು ಬಿಡಲಿಲ್ಲ. ಮಾರ್ಚಿನಲ್ಲಿ ಪಡುವಣ ದಂಡೆಗೆ ಒಂದು ಮಿಂಚು ಕೆಂಬರಲು, ಉದ್ದ ಬಾಗಿದ ಕೊಕ್ಕಿನ ಹಕ್ಕಿ, ಬಂದಿಳಿಯಿತು. ಅದುವರೆಗೆ ಹಾರ್ಕರ್ ಕೆರೆಯಲ್ಲಿ ಅದನ್ನು ಯಾರೂ ಕಂಡಿರಲಿಲ್ಲ. ಆಚೆ ಜಿಲ್ಲೆಯಿಂದೆಲ್ಲ ಕಾರು ಮಾಡಿಕೊಂಡು ಬಂದರು, ಅಪರಿಚಿತರು ಬೆನ್ನು ತಟ್ಟಿದರು. ರೆಗ್ ಪುಸ್ತಕದಲ್ಲಿ 'ಒಂದು, ಏಳು ನಲವತ್ತು, ಪಡುವಣ ದಂಡೆ' ಅಂತ ಬರೆದು ಬ್ರೆಡ್ಡು ತಿಂದ. ಬಸ್ಸು ನಿಲ್ದಾಣಕ್ಕೆ ಬಂದ ಹೊತ್ತನ್ನು ಬರೆದುಕೊಂಡ ಹಾಗಿತ್ತು ಅದು.

ಏಪ್ರಿಲ್ ಮೂರನೇ ಭಾನುವಾರ ಹಿಲರಿ ಪಾಸ್ಕೋ ಗೂಡಿನ ಬಾಗಿಲು ತಳ್ಳಿಕೊಂಡು ಬಂದಳು. ಜಿಲ್ಲೆಯ ಪಕ್ಷಿ ದಾಖಲೆ ಸಮಿತಿಯ ಕಾರ್ಯದರ್ಶಿ, ನಿವೃತ್ತ ಶಾಲಾ ಶಿಕ್ಷಕಿ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರಲ್ಲ, ಆ ಗಾದೆಯನ್ನು ಈ ಸಮಿತಿಯಷ್ಟು ಚಾಚೂ ತಪ್ಪದೆ ಪಾಲಿಸುವವರನ್ನು ನಾನು ಕಂಡಿಲ್ಲ. ಅಪರೂಪದ ಹಕ್ಕಿ ನೋಡಿದೆ ಅಂದರೆ ಐದು ಜನ ಕೂತು ವಿಚಾರಣೆ ಮಾಡುತ್ತಾರೆ. ಒಪ್ಪಿದರೆ ಬಂದ ಹಕ್ಕಿ, ಒಪ್ಪದಿದ್ದರೆ ಬಾರದ ಹಕ್ಕಿ. ಈಗ ಜಿಲ್ಲೆಯ ಹಕ್ಕಿಗಳ ಪುಸ್ತಕ ಅಚ್ಚಾಗುವುದಿತ್ತು, ಹಳೆಯ ದಾಖಲೆಗಳನ್ನೆಲ್ಲ ಮತ್ತೆ ಕೆದಕುತ್ತಿದ್ದರು.

"ರೆಗ್, ಒಂದು ವಿಷ್ಯ ಕೇಳ್ಬೇಕಿತ್ತು. ಬೇಜಾರು ಮಾಡ್ಕೋಬೇಡಿ," ಅಂದಳು ಹಿಲರಿ.

"ಬೇಜಾರಾಗೋ ಹಾಗಿದ್ರೆ ಆಗ್ಲಿ ಬಿಡಿ, ಒಂಚೂರು ಬದಲಾವಣೆ ಇರುತ್ತೆ. ಕೇಳಿ."

"ಡೆನಿಸ್ ಅವರ ಎಪ್ಪತ್ತನಾಲ್ಕನೇ ಇಸವಿಯ ಹಕ್ಕಿ. ಬಿಳಿಸೊಂಟದ ಗೊರವ. ಜಿಲ್ಲೆಗೇ ಮೊದಲ್ನೇದು."

"ಹೂಂ."

"ಅಮೆರಿಕದಿಂದ ದಾರಿ ತಪ್ಪಿ ಬರೋ ಹಕ್ಕಿ ಅದು. ನಮ್ಮಲ್ಲಿ ಪ್ರತಿ ಸೆಪ್ಟೆಂಬರಿಗೂ ಬರೋ ಡೊಂಕುಕೊಕ್ಕಿನ ಗೊರವಕ್ಕೂ ಸೊಂಟದಲ್ಲಿ ಬಿಳಿ ಇರುತ್ತೆ. ವ್ಯತ್ಯಾಸ ಇರೋದೇ ಕೊಕ್ಕಲ್ಲಿ, ಅಮೆರಿಕದ್ದಕ್ಕೆ ಕೊಕ್ಕು ನೇರ. ಡೆನಿಸ್ ಆರು ಸಾಲು ಬರೆದಿದ್ದಾರೆ. ಬಣ್ಣ ಬರೆದಿದ್ದಾರೆ, ರೆಕ್ಕೆ ಬರೆದಿದ್ದಾರೆ, ಕೊಕ್ಕಿನ ಬಗ್ಗೆ ಒಂದಕ್ಷರ ಇಲ್ಲ. ಕೆಳಗೆ ಎರಡನೇ ಸಾಕ್ಷಿ ಅಂತ ನಿಮ್ಮ ಸಹಿ ಇದೆ. ನೀವೂ ನೋಡಿದ್ದೀರಲ್ಲ. ಕೊಕ್ಕು ಹೇಗಿತ್ತು ಅಂತ ಒಂದು ಸಾಲು ಬರ್ಕೊಟ್ರೆ ಮುಗೀತು. ಗುರುವಾರ ಸಭೆ ಇದೆ."

"ಬರ್ಕೊಡದೇ ಇದ್ರೆ?"

"ಹಕ್ಕಿ ಪುಸ್ತಕದಿಂದ ಹೋಗುತ್ತೆ. ತೊಂಬತ್ತೊಂದರಲ್ಲಿ ಬೇರೆ ಯಾರೋ ನೋಡಿದ್ದು ಮೊದಲ್ನೇದು ಅಂತಾಗುತ್ತೆ." ಹಿಲರಿ ಕೈಚೀಲದ ಬಾಯಿ ಎಳೆದು ಮುಚ್ಚಿದಳು. "ನಂಗೂ ಇಷ್ಟ ಇಲ್ಲ ರೆಗ್. ಡೆನಿಸ್ ಹೆಸರು ಹೇಳಿದ್ರೆ ಜನಕ್ಕೆ ನೆನಪಾಗೋದೇ ಆ ಹಕ್ಕಿ."

ಅವಳು ಹೋದ ಮೇಲೆ ರೆಗ್ ಕಣ್ಣು ಮುಚ್ಚಿಕೊಂಡ. ಹಕ್ಕಿ ಬಂತು. ಕೆಸರಿನಲ್ಲಿ ನಿಂತಿತು. ಕೊಕ್ಕು ನೇರ ಅಂದುಕೊಂಡರೆ ನೇರ ಕಂಡಿತು, ಬಾಗಿತ್ತು ಅಂದುಕೊಂಡರೆ ಬಾಗಿತು.

ನಡೆದದ್ದು ಇಷ್ಟೇ. ಆವತ್ತು ಡೆನಿಸ್ ನೀರಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ದುರ್ಬೀನಿನಲ್ಲಿ ನೋಡುತ್ತಿದ್ದ. ರೆಗ್ ಮೇಲೆ ಕಲ್ಲುಗೋಡೆಯ ಮರೆಯಲ್ಲಿ ಗಾಳಿಗೆ ಆರಿ ಆರಿ ಹೋಗುತ್ತಿದ್ದ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಿದ್ದ. ಡೆನಿಸ್ ಕೈ ಬೀಸಿ ಕರೆದ. ನೀರು ಇನ್ನೇನು ಕುದಿಯುವುದರಲ್ಲಿತ್ತು. ಅರ್ಧ ನಿಮಿಷ ತಡೆದು ರೆಗ್ ಇಳಿದು ಹೋಗುವಷ್ಟರಲ್ಲಿ ಕೆಸರು ಖಾಲಿ. ಡೆನಿಸ್ ಮುಖ ಕೆಂಪಾಗಿ ಉಸಿರು ಸಿಕ್ಕದೆ, "ನೋಡ್ದೆ ತಾನೇ? ನೋಡ್ದೆ ತಾನೇ?" ಅಂತ ತೋಳು ಹಿಡಿದು ಅಲುಗಿಸುತ್ತಿದ್ದ. ಆ ಮುಖಕ್ಕೆ ಇಲ್ಲ ಅನ್ನುವುದು ಹೇಗೆ. ರೆಗ್ "ನೋಡ್ದೆ" ಅಂದ. ಒಬ್ಬನೇ ನೋಡಿದ ಹಕ್ಕಿಯನ್ನು ಆಗೆಲ್ಲ ಸಮಿತಿ ಒಪ್ಪುತ್ತಿರಲಿಲ್ಲ. ಸಂಜೆ ಕಾಗದದ ಮೇಲೆ ಸಹಿಯೂ ಆಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಮೇಲೆ ವರ್ಷಾವರ್ಷ ಸೆಪ್ಟೆಂಬರಿನಲ್ಲಿ ಊರ ಪಬ್ಬಿನಲ್ಲಿ ಅದರ ಕಥೆ. ರೆಗ್ ಎದ್ದು ನಿಂತು, ಹಕ್ಕಿ ಹೇಗೆ ಓಡಿತು, ಹೇಗೆ ತಲೆ ಎತ್ತಿತು ಅಂತ ಕೈಯಲ್ಲಿ ಅಭಿನಯಿಸುತ್ತಿದ್ದ. ಹೇಳಿ ಹೇಳಿ ಅವನಿಗೇ ಅದು ಕಾಣತೊಡಗಿತ್ತು.

ಮಂಗಳವಾರದ ರಾತ್ರಿಯೂಟ ಮೇವಿಸ್ ಮನೆಯಲ್ಲಿ, ಅದು ಮೊದಲಿಂದ ನಡೆದುಬಂದದ್ದು. ಈಗ ತಟ್ಟೆ ಎರಡೇ. ಅವಳು ಈರುಳ್ಳಿ ಹಾಕಿ ಹುರಿದ ಕುರಿಯ ಈಲಿಯನ್ನು ಅವನ ತಟ್ಟೆಗೆ ಹಾಕಿದಳು. ಹಿಲರಿ ಬಂದದ್ದನ್ನು ರೆಗ್ ಹೇಳಿದ.

"ನೇರ ಇತ್ತು ಅಂತ ಬರಿ. ನಿನ್ನ ಗಂಟೇನು ಹೋಗುತ್ತೆ?" ಅಂದಳು ಮೇವಿಸ್.

"ಸರಿಯಾಗಿ ನೆನಪಿಲ್ಲ ಮೇವಿಸ್."

"ಪಬ್ಬಲ್ಲಿ ಎದ್ದು ಕುಣಿಯೋವಾಗ ನೆನಪಿತ್ತು."

"ಅದು ಬೇರೆ."

"ಏನು ಬೇರೆ?" ಅವಳು ಫೋರ್ಕು ಕೆಳಗಿಟ್ಟಳು. "ಕೇಳು ಇಲ್ಲಿ. ಮದ್ವೆಯಾಗಿ ನಲವತ್ತೊಂಬತ್ತು ವರ್ಷ. ಭಾನುವಾರ ಮಧ್ಯಾಹ್ನ ಆ ಮನುಷ್ಯ ಮನೇಲಿ ಉಂಡಿದ್ದು ಒಂದೇ ಸಲ, ಕಾಲು ಮುರ್ಕೊಂಡಾಗ. ಅವತ್ತೂ ಕಿಟಕಿ ಕಡೆಗೇ ಮುಖ. ನಾನೊಬ್ಳೇ ಕೂತು ಉಂಡೆ. ಒಬ್ಳೇ ಪಾತ್ರೆ ತೊಳ್ದೆ. ಯಾಕಪ್ಪಾ ಅಂದ್ರೆ, ಮೊದಲ ಹಕ್ಕಿ ನೋಡಿದವನ ಹೆಂಡ್ತಿ ನಾನು. ಅಷ್ಟು ಭಾನುವಾರ ಕೊಟ್ಟಿದ್ದಕ್ಕೆ ನಂಗೆ ಸಿಕ್ಕಿದ್ದು ಅದೊಂದೇ ಕಣೋ. ಅದೂ ಇರ್ಲಿಲ್ಲ ಅಂತ ಪುಸ್ತಕದಲ್ಲಿ ಬರೆಸ್ಬೇಡ."

ರೆಗ್ ಈಲಿ ಅಗಿದ. ರಬ್ಬರು ಅಗಿದ ಹಾಗಿತ್ತು. ಅವಳ ಮಾತು ನ್ಯಾಯ ಅಂತ ಅವನಿಗೆ ತಿಳಿಯಿತು, ಆದರೆ ಯಾರೋ ರೇಡಿಯೋದಲ್ಲಿ ಹೇಳಿದ ಹಾಗೆ ದೂರದಿಂದ ತಿಳಿಯಿತು. "ಆಯ್ತು, ಬರೀತೀನಿ," ಅಂದ.

ಗುರುವಾರ ಸಂಜೆ ಅವನು ಗ್ರಂಥಾಲಯದ ಹಿಂದಿನ ಕೋಣೆಗೆ ಹೋದದ್ದು ಬರೆದುಕೊಡಲಿಕ್ಕೇ. ಐವರು ಕೂತಿದ್ದರು. ಹಿಲರಿ ಕಾಗದ ಮುಂದಿಟ್ಟು ಪೆನ್ನು ಕೊಟ್ಟಳು. ರೆಗ್ 'ಕೊಕ್ಕು' ಅಂತ ಬರೆದ. ಮುಂದೆ ಬರೆಯಬೇಕಾದದ್ದು ಒಂದೇ ಪದ. ಸುಳ್ಳನ್ನು ಕಾಪಾಡಿಕೊಳ್ಳಬೇಕಾದರೆ ಮನುಷ್ಯನಿಗೆ ಏನಾದರೂ ಅನ್ನಿಸುತ್ತಿರಬೇಕು. ನಾಚಿಕೆಯೋ, ಹೆದರಿಕೆಯೋ, ಮಾನ ಹೋದೀತೆಂಬ ಚಿಂತೆಯೋ ಬೇಕು. ರೆಗ್ ತಡಕಿ ನೋಡಿದ. ಅಳುವಿನ ಹಿಂದೆಯೇ ಅವೂ ಹೊರಟುಹೋಗಿದ್ದವು. ಒಳಗೆ ಎಲ್ಲ ಖಾಲಿಯಿತ್ತು, ಸುಳ್ಳನ್ನು ಹಿಡಿದುಕೊಳ್ಳಲು ಕೈಯೇ ಇರಲಿಲ್ಲ. ಅವನು ಪೆನ್ನು ಕೆಳಗಿಟ್ಟ.

"ನಾನು ನೋಡಿಲ್ಲ," ಅಂದ.

"ಯಾವ್ದನ್ನ, ಕೊಕ್ಕನ್ನಾ?" ಅಂದಳು ಹಿಲರಿ.

"ಹಕ್ಕೀನೇ ನೋಡಿಲ್ಲ."

ಮೂಲೆಯಲ್ಲಿ ಕೂತಿದ್ದ ಹಲ್ಲಿನ ಡಾಕ್ಟರು, ರೆಗ್‌ನ ಬಸ್ಸಿನಲ್ಲಿ ಎಷ್ಟೋ ವರ್ಷ ಓಡಾಡಿದವನು, ಕನ್ನಡಕ ತೆಗೆದು ಒರೆಸಿಕೊಂಡ. "ಡೆನಿಸ್‌ಗೆ ಗೊತ್ತಿತ್ತಾ?" ಅಂತ ಕೇಳಿದ.

"ಇಲ್ಲ. ಅವನು ನೋಡಿದ್ದು ನಿಜ. ನಾನು ನೋಡ್ದೆ ಅಂದಿದ್ದನ್ನ ಪಾಪ ನಂಬ್ಕೊಂಡಿದ್ದ. ಅವನ ಮಾತು ನಿಜ ಅಂತ ನಾನು ಬೇಕಾದ್ರೆ..." ರೆಗ್ ಅಲ್ಲಿಗೇ ನಿಲ್ಲಿಸಿದ. ಅವನ ಸಾಕ್ಷಿಯನ್ನು ಇನ್ನು ಯಾರು ಕೇಳುತ್ತಾರೆ ಅನ್ನುವುದು ಅವನಿಗೇ ಹೊಳೆಯಿತು.

ಹಿಲರಿ ಗೆರೆ ಎಳೆದಳು. ಪಟ್ಟಿಯಲ್ಲಿ ಹಕ್ಕಿಯ ಹೆಸರಿನ ಮುಂದೆ 'ಸಾಬೀತಾಗಿಲ್ಲ' ಅಂತ ಬರೆದಳು. ತಲೆ ಎತ್ತದೆ, "ನಿಮ್ಮ ಉಳಿದ ದಾಖಲೆಗಳನ್ನೂ ಮತ್ತೆ ನೋಡ್ಬೇಕಾಗುತ್ತೆ ರೆಗ್. ಕೆಂಬರಲನ್ನ ಬಿಟ್ಟು. ಅದನ್ನ ನಾನೇ ಕಂಡೆ," ಅಂದಳು.

"ನೋಡಿ," ಅಂದ ರೆಗ್. ಬಾಗಿಲ ಹತ್ತಿರ ಟೋಪಿ ಹಾಕಿಕೊಳ್ಳುವಾಗ ಹಿಂದಿನಿಂದ ಯಾರೂ ಹೋಗಿಬಾ ಅನ್ನಲಿಲ್ಲ.

ಅವನು ತನ್ನ ಮನೆಯ ಬಾಗಿಲು ತೆಗೆಯದೆ ಸೀದಾ ಮೇವಿಸ್ ಮನೆಗೆ ಹೋದ. ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಅವನ ಮುಖ ನೋಡಿ ಚಾಕು ನಿಲ್ಲಿಸಿದಳು.

"ಕಿತ್ತು ಹಾಕಿದ್ರಾ?"

"ಹಾಕಿದ್ರು. ನಾನು ನೋಡಿಲ್ಲ ಮೇವಿಸ್. ನಿಂಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅವತ್ತು ನಾನು ನೋಡೇ ಇಲ್ಲ."

ಕೂಗಾಡುತ್ತಾಳೆ ಅಂತ ಅವನು ಕಾದು ನಿಂತ. ಅವಳು ಇನ್ನೊಂದು ಆಲೂಗಡ್ಡೆ ತೆಗೆದುಕೊಂಡಳು.

"ಗೊತ್ತು," ಅಂದಳು.

"ಏನು ಗೊತ್ತು?"

"ನೀನು ನೋಡಿಲ್ಲ ಅಂತ. ಡೆನಿಸ್ ಅವತ್ತೇ ಬಂದು ಹೇಳ್ದ. ಹಕ್ಕಿ ಹಾರಿದ್ಮೇಲೆ ತಿರುಗಿ ನೋಡಿದ್ರೆ ನೀನಿನ್ನೂ ಗೋಡೆ ದಾಟ್ತಿದ್ಯಂತೆ. 'ರೆಗ್ ನೋಡಿಲ್ಲ, ನಂಗೋಸ್ಕರ ನೋಡ್ದೆ ಅಂದ. ನೀನು ಏನೂ ಕೇಳ್ಬೇಡ ಅವನ್ನ' ಅಂದ. ನಾನು ಕೇಳ್ಲಿಲ್ಲ."

ರೆಗ್ ಕುರ್ಚಿ ಎಳೆದುಕೊಂಡು ಕೂತ. "ಗೊತ್ತಿದ್ದೂ ಬರಿ ಅಂದ್ಯಾ?"

"ಅವನು ನೋಡಿದ್ದು ನಿಜ ತಾನೇ. ಸುಳ್ಳಾಗಿದ್ದು ನಿಂದೊಂದು ಸಹಿ. ಅದಕ್ಕೆ ಇಡೀ ಹಕ್ಕೀನೇ ಕಿತ್ತು ಹಾಕೋದಾ?"

ಅವನು ಮನಸ್ಸಿನಲ್ಲೇ ಎಣಿಸಿದ. ಎರಡು ಸಾವಿರ ಭಾನುವಾರ. ಆ ಗೂಡಿನಲ್ಲಿ ಮೊಣಕಾಲಿಗೆ ಮೊಣಕಾಲು. ಇವತ್ತು ಹೇಳಿಬಿಡೋಣ ಅಂದುಕೊಂಡು ಎಷ್ಟು ಸಲ ಬಾಯಿ ತೆರೆದು ಬಾತುಗಳ ಮಾತು ಆಡಿ ಮುಚ್ಚಿದ್ದ. ಅಣ್ಣನ ದೊಡ್ಡ ಸಂತೋಷ ನನ್ನ ಕೈಯಿಂದ ಒಡೆಯದಿರಲಿ ಅಂತ ಹೊಟ್ಟೆಗೆ ಹಾಕಿಕೊಂಡಿದ್ದ. ಅಣ್ಣನಾದರೋ ಎಲ್ಲ ತಿಳಿದೂ ಪಕ್ಕದಲ್ಲೇ ಕೂತು ಆರಾಮವಾಗಿ ಬಿಸ್ಕತ್ತು ತಿನ್ನುತ್ತಿದ್ದ.

"ಗೊತ್ತಿತ್ತಂತೆ," ಅಂದ ರೆಗ್. ದನಿ ಅವನಿಗೇ ಹೊಸದಾಗಿತ್ತು. "ವರ್ಷಾ ವರ್ಷಾ ಪಬ್ಬಲ್ಲಿ 'ಹೇಳೋ ರೆಗ್, ಹೇಳೋ' ಅಂತ ನನ್ನ ಎಬ್ಬಿಸ್ತಿದ್ದೋನು ಯಾರು? ಅವನೇ. ನಾನು ಕೋತಿ ಹಾಗೆ ಕುಣೀತಿದ್ದೆ. ಗೊತ್ತಿದ್ದೂ ಗ್ಲಾಸು ಹಿಡ್ಕೊಂಡು ನಗ್ತಿದ್ನಲ್ಲ, ಕಳ್ಳ ಬಡ್ಡಿಮಗ." ಕಿವಿ ಬಿಸಿಯಾಯಿತು. ಕೈಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದ. ಫೆಬ್ರವರಿಯಿಂದ ಈಚೆಗೆ ಅವನಿಗೆ ಮೊದಲ ಸಲ ಏನೋ ಆಗಿತ್ತು, ಮತ್ತು ಅದು ಸತ್ತವನ ಮೇಲಿನ ಕೋಪವಾಗಿತ್ತು. "ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ಅವನಿಗೆ? ಹೇಳ್ದೇನೇ ಹೋದ. ದಾರ ಕಟ್ಕೋತಾ ಕಟ್ಕೋತಾ ಹೋಗ್ಬಿಟ್ಟ. ಎಂಥಾ ಮನುಷ್ಯ ಅವನು."

ಹೀಗೆ ಅಂದವನು ನಾಲಿಗೆ ಕಚ್ಚಿಕೊಂಡ. ಗಂಡನನ್ನು ಮಣ್ಣು ಮಾಡಿ ಮೂರು ತಿಂಗಳಾಗದ ಹೆಂಗಸಿನ ಅಡುಗೆಮನೆ ಅದು. "ತಪ್ಪಾಯ್ತು," ಅಂತ ಏಳಲು ಹೋದ.

ಮೇವಿಸ್ ಅವನ ತೋಳು ಹಿಡಿದು ಕೂರಿಸಿದಳು. ಕೈಯೆಲ್ಲ ಆಲೂಗಡ್ಡೆಯ ಮಣ್ಣು, ಕಣ್ಣು ತುಂಬಿತ್ತು.

"ಕೂತ್ಕೋ," ಅಂದಳು. "ಇನ್ನೂ ಬೈ. ಹತ್ತು ವಾರದಿಂದ ನಾನೊಬ್ಳೇ ಬೈತಿದ್ದೀನಿ."